ಮಗುವಿನ ಮೊದಲ ವರ್ಷದ ಕಲಿಕೆ: ಮನೆಯಲ್ಲಿ ಏನು ಮಾಡಬೇಕು, ಯಾವುದರ ನಂತರ ಯಾವುದು

ಆರು ತಿಂಗಳ ಮಗುವಿಗೆ ಯಾವ ಆಟಿಕೆ ಕೊಡಿಸಬೇಕು, ಯಾವ ಚಿತ್ರದ ಕಾರ್ಡ್ ತೋರಿಸಬೇಕು, ದಿನಕ್ಕೆ ಎಷ್ಟು ಹೊತ್ತು ಹೇಳಿಕೊಡಬೇಕು ಎಂದು ಕೇಳುವ ಅಪ್ಪ ಅಮ್ಮಂದಿರು ತುಂಬಾ ಇದ್ದಾರೆ. ಎಲ್ಲವನ್ನೂ ತರಿಸುತ್ತಾರೆ. ಒಂದು ವಾರ ಉತ್ಸಾಹದಿಂದ ಮಾಡುತ್ತಾರೆ. ಮಗು ಮುಖ ತಿರುಗಿಸುತ್ತದೆ, ಅಳುತ್ತದೆ. ಅಲ್ಲಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಕೈಗೆ ಬರುವುದು ಮೊಬೈಲ್. ಮಗು ಸುಮ್ಮನಾಗುತ್ತದೆ, ಊಟವೂ ಒಳಗೆ ಹೋಗುತ್ತದೆ. ಒಂದೂವರೆ ವರ್ಷವಾದಾಗ ‘ಇನ್ನೂ ಮಾತೇ ಬಂದಿಲ್ಲ’ ಎಂಬ ಚಿಂತೆ ಶುರುವಾಗುತ್ತದೆ.

ಇವರ ಪ್ರೀತಿಗೂ ಶ್ರದ್ಧೆಗೂ ಏನೂ ಕೊರತೆಯಿಲ್ಲ. ಎಡವುವುದು ಕ್ರಮದಲ್ಲಿ. ಮೊದಲು ಮಗುವನ್ನು ನೋಡಬೇಕು, ಆಮೇಲೆ ಕಾಯಬೇಕು, ಕೊನೆಗೆ ಉತ್ತರ ಕೊಡಬೇಕು. ಹೆಚ್ಚಿನವರು ನೋಡುವುದನ್ನೂ ಕಾಯುವುದನ್ನೂ ಬಿಟ್ಟು ನೇರವಾಗಿ ಕಲಿಸಲು ಕೂರುತ್ತಾರೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. 3 ಮತ್ತು 4ನೇ ಹಂತ ಕೈಗೆ ಹತ್ತದಿದ್ದರೆ ಮುಂದಿನ ಯಾವುದೂ ಸರಿಯಾಗಿ ನಡೆಯುವುದಿಲ್ಲ.

ಬೇಕಾಗುವ ಸಾಮಾನು

ನೆಲಕ್ಕೆ ಹಾಸಲು ಒಂದು ಚಾಪೆ, ಅದರ ಮೇಲೆ ಒಂದು ದಪ್ಪ ಕೌದಿ. ಎರಡು ಸ್ಟೀಲ್ ಬಟ್ಟಲು, ಒಂದು ಚಮಚ, ಒಂದು ಮೆತ್ತನೆಯ ಹತ್ತಿ ಬಟ್ಟೆ, ಸದ್ದು ಮಾಡುವ ಒಂದು ಗಿಲಕಿ. ತಾಯಿ ಕಾರ್ಡ್. ಒಂದು ಚಿಕ್ಕ ನೋಟ್‌ಬುಕ್.

ವಾಕರ್ ಬೇಡ. ಬ್ಯಾಟರಿ ಹಾಕಿ ಹಾಡು ಹೇಳಿಸುವ ಆಟಿಕೆ ಬೇಡ. ‘ಮಗುವಿನ ಬುದ್ಧಿ ಚುರುಕಾಗುತ್ತದೆ’ ಎಂದು ಮಾರುವ ವಿಡಿಯೊ ಖಂಡಿತ ಬೇಡ.

ಹಂತ 1: ಕಿವಿ, ಥೈರಾಯ್ಡ್, ಕಣ್ಣು – ಮೊದಲ ತಿಂಗಳಲ್ಲೇ ನೋಡಿಸಿ

ಕಿವಿ ಕೇಳಿಸದ ಮಗುವಿನ ಜೊತೆ ಎಷ್ಟು ಮಾತಾಡಿದರೂ ಆ ಮಾತು ಅದಕ್ಕೆ ತಲುಪುವುದಿಲ್ಲ. ಅದಕ್ಕೇ ಇದು ಮೊದಲ ಹಂತ. ಹುಟ್ಟಿನಿಂದ ಕಿವಿ ಕೇಳಿಸದ ಮಗುವೂ ಮೊದಲ ತಿಂಗಳುಗಳಲ್ಲಿ ಬೇರೆ ಮಕ್ಕಳ ಹಾಗೇ ಅಳುತ್ತದೆ, ನಗುತ್ತದೆ, ‘ಗೂ’ ಅನ್ನುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ತಟ್ಟೆ ಬಡಿದು ಪರೀಕ್ಷೆ ಮಾಡುವುದನ್ನು ನಂಬಬೇಡಿ. ಸದ್ದು ಕೇಳಿಸದಿದ್ದರೂ ನೆಲದ ಅದುರು, ಗಾಳಿಯ ಅಲುಗಾಟ, ನಿಮ್ಮ ನೆರಳಿಗೆ ಮಗು ಬೆಚ್ಚಬಹುದು.

ನವಜಾತ ಶಿಶುವಿನ ಶ್ರವಣ ಪರೀಕ್ಷೆ ಕೆಲವೇ ನಿಮಿಷದ ಕೆಲಸ. ಮಗು ಮಲಗಿರುವಾಗ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಮಾಡುತ್ತಾರೆ, ನೋವಾಗುವುದಿಲ್ಲ. 1 ತಿಂಗಳೊಳಗೆ ಈ ಪರೀಕ್ಷೆ, ಸಂಶಯವಿದ್ದರೆ 3 ತಿಂಗಳೊಳಗೆ ಪೂರ್ಣ ತಪಾಸಣೆ, 6 ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ಚಿಕಿತ್ಸೆ. ಈ ಮೂರು ಗಡುವು ನೆನಪಿರಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಎಲ್ಲ ಸೌಲಭ್ಯವಿದೆ.

ಇಲ್ಲಿ ಆಗುವ ದೊಡ್ಡ ತಪ್ಪು: ಮೊದಲ ಪರೀಕ್ಷೆಯಲ್ಲಿ ಪಾಸಾಗದಿದ್ದಾಗ ‘ಕಿವಿಯಲ್ಲಿ ನೀರಿರಬೇಕು’ ಎಂದುಕೊಂಡು ಮತ್ತೆ ಹೋಗದೇ ಇರುವುದು. ಎಷ್ಟೋ ಸಲ ನಿಜವಾಗಿ ನೀರೇ ಇರುತ್ತದೆ. ಆದರೆ ಎರಡನೇ ಪರೀಕ್ಷೆ ಮಾಡಿಸದೆ ಅದನ್ನು ಹೇಳಲು ಆಗುವುದಿಲ್ಲ.

ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ಸಾಕು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುವುದನ್ನು ತಡೆಯಬಹುದು. ತಡವಾದರೆ ಆದ ಹಾನಿ ಹಿಂದಿರುಗುವುದಿಲ್ಲ.

34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ಯಾವ ಮಗುವೇ ಇರಲಿ, ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಅದೇ ವಾರ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಹಂತ 2: ಬಾಣಂತಿ ಕೋಣೆ ಸರಿಮಾಡಿ

ಬಾಣಂತನದಲ್ಲಿ ಒಳ್ಳೆಯ ಪದ್ಧತಿಗಳು ಬಹಳ ಇವೆ. ಎಣ್ಣೆ ತಿಕ್ಕುವುದು, ಮೈಗೆ ಮೈ ತಾಗಿಸಿ ಮಲಗಿಸಿಕೊಳ್ಳುವುದು, ಅಜ್ಜಿಯ ಜೋಗುಳ ಎಲ್ಲವೂ ಮಗುವಿಗೆ ಬೇಕಾದದ್ದೇ. ಬಿಡಬೇಕಾದದ್ದು ಕೆಲವು ಇವೆ. ಅವನ್ನು ಹಿರಿಯರಿಗೆ ಪ್ರೀತಿಯಿಂದ, ಆದರೆ ಖಚಿತವಾಗಿ ಹೇಳಿ.

ಮುಚ್ಚಿದ ಕೋಣೆಯಲ್ಲಿ ಕೆಂಡ, ಲೋಬಾನದ ಹೊಗೆ ಬೇಡ. ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಸೀಸ ಮಗುವಿನ ಮೆದುಳಿಗೆ ವಿಷ. ಮನೆಯಲ್ಲೇ ಮಾಡಿದ ಕಾಡಿಗೆಯಾದರೂ ಕಣ್ಣಿಗೆ ಸೋಂಕು ತರಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಮನೆಯಲ್ಲಿ ಮಾಡಿದ್ದನ್ನು ಅಂಗಾಲಿಗೆ ಇಡಿ, ಕೈ ಬಾಯಿಗೆ ಸಿಗುವ ಕಡೆ ಬೇಡ.

ಬಜೆ ತೇದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮಾತು ಬರುವುದು ಬಜೆಯಿಂದಲ್ಲ, ಮಾತು ಕೇಳಿ, ಮಾತಿಗೆ ಉತ್ತರ ಸಿಕ್ಕಿ. 6 ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ವೈದ್ಯರು ಬರೆದುಕೊಟ್ಟ ಔಷಧ, ವಿಟಮಿನ್ ಡಿ ಹನಿಗಳು ಮಾತ್ರ ಇದಕ್ಕೆ ಹೊರತು. ಜೇನುತುಪ್ಪವನ್ನು 1 ವರ್ಷದವರೆಗೆ ತೋರಿಸಲೇಬೇಡಿ, ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮಲಗಿಸುವಾಗ ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆಯ ಮೇಲೆ. ತಲೆ ದುಂಡಗಾಗಲಿ ಎಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬು ಬೇಡ. ತಲೆಯ ಆಕಾರಕ್ಕೆ 6ನೇ ಹಂತದಲ್ಲಿ ದಾರಿ ಇದೆ.

ಹಂತ 3: ಎರಡು ದಿನ ಸುಮ್ನೆ ನೋಡಿ

ಆಟ, ಪಾಠ ಎಲ್ಲ ಬದಿಗಿಡಿ. ನೋಟ್‌ಬುಕ್ ತೆಗೆದುಕೊಂಡು, ಮಗು ಎಚ್ಚರವಾಗಿದ್ದು ಶಾಂತವಾಗಿರುವುದು ಯಾವ ಯಾವ ಹೊತ್ತಿನಲ್ಲಿ ಎಂದು ಎರಡು ದಿನ ಬರೆದುಕೊಳ್ಳಿ. ಕಣ್ಣು ಅರಳಿರುತ್ತದೆ, ಕೈಕಾಲು ಹೆಚ್ಚು ಆಡುವುದಿಲ್ಲ, ಉಸಿರು ಸಮವಾಗಿರುತ್ತದೆ. ಮಗು ಕಲಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ಇದು ಒಮ್ಮೆಗೆ ಕೆಲವೇ ನಿಮಿಷ ಇರುತ್ತದೆ. ತಿಂಗಳು ಕಳೆದ ಹಾಗೆ ಉದ್ದವಾಗುತ್ತದೆ.

ಅಪ್ಪ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಮಗುವನ್ನು ಆಡಿಸಲು ಕೂತರೆ ಅದು ಅಳುವುದು ಅಪ್ಪ ಬೇಡವೆಂದಲ್ಲ. ಆ ಹೊತ್ತಿಗೆ ಅದು ದಣಿದಿರುತ್ತದೆ. ಅಪ್ಪನ ಸರದಿ ಬೆಳಿಗ್ಗೆ ಇರಲಿ, ಸ್ನಾನಕ್ಕೆ ಮೊದಲು. ಎಷ್ಟೋ ಮನೆಗಳಲ್ಲಿ ಇದೊಂದನ್ನು ಬದಲಿಸಿದರೆ ಸಾಕು.

ಜೊತೆಗೆ ಎರಡು ಬಗೆಯ ಸೂಚನೆಗಳನ್ನು ಗುರುತಿಸಲು ಕಲಿಯಿರಿ.

‘ಬೇಕು’ ಎನ್ನುವ ಸೂಚನೆ: ನಿಮ್ಮ ಮುಖವನ್ನೇ ನೋಡುತ್ತದೆ, ಬಾಯಿ ತೆರೆದು ಏನೋ ಹೇಳುವ ಹಾಗೆ ಮಾಡುತ್ತದೆ, ಕೈ ಮುಂದೆ ಚಾಚುತ್ತದೆ, ‘ಆ’, ‘ಊ’ ಎಂದು ಸದ್ದು ಮಾಡುತ್ತದೆ.

‘ಸಾಕು’ ಎನ್ನುವ ಸೂಚನೆ: ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ಬೆನ್ನು ಬಿಲ್ಲಿನಂತೆ ಸೆಟೆಸುತ್ತದೆ, ಬೆರಳುಗಳನ್ನು ಅಗಲಿಸುತ್ತದೆ, ಕಣ್ಣು ಉಜ್ಜುತ್ತದೆ. ಹೀಗೆ ಮಾಡಿದಾಗ ಮುಖವನ್ನು ಕೈಯಿಂದ ತಮ್ಮ ಕಡೆ ತಿರುಗಿಸಿಕೊಳ್ಳುವವರು ಇದ್ದಾರೆ. ಬೇಡ. ಮುಖ ತಿರುಗಿಸುವುದು ಮಗುವಿಗೆ ಗೊತ್ತಿರುವ ಮೊದಲ ‘ಸಾಕು’. ಅದನ್ನು ನೀವು ಒಪ್ಪಿಕೊಂಡರೆ ಸ್ವಲ್ಪ ಹೊತ್ತಿನ ನಂತರ ಅದೇ ನಿಮ್ಮ ಕಡೆ ತಿರುಗುತ್ತದೆ.

ಹಸಿವಿಗೂ ಹೀಗೇ. ಕೈ ಬಾಯಿಗೆ ಹೋಗುವುದು, ತಲೆ ಆ ಕಡೆ ಈ ಕಡೆ ಹುಡುಕುವುದು, ತುಟಿ ಚಪ್ಪರಿಸುವುದು ಮೊದಲ ಸೂಚನೆಗಳು. ಅಳು ಕೊನೆಯದು. ಅತ್ತ ಮೇಲೇ ಹಾಲು ಕೊಡುವ ಮನೆಯಲ್ಲಿ, ತನ್ನ ಸಣ್ಣ ಸೂಚನೆಗಳಿಂದ ಏನೂ ಆಗದು, ಅತ್ತರೆ ಮಾತ್ರ ಕೆಲಸವಾಗುತ್ತದೆ ಎಂದು ಮಗು ಕಲಿಯುತ್ತದೆ.

ಹಂತ 4: ಮಗುವಿನ ಸರದಿ ಮೊದಲು, ನಿಮ್ಮದು ಆಮೇಲೆ

ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ.

ಚೌಕಾಬಾರ ಆಡುವಾಗ ಇನ್ನೊಬ್ಬರು ಕವಡೆ ಹಾಕುವವರೆಗೆ ನಾವು ಕೈ ಕಟ್ಟಿ ಕಾಯುತ್ತೇವೆ. ಮಗುವಿನ ಜೊತೆಗೂ ಹಾಗೇ ಕಾಯಬೇಕು. ಹೀಗೆ ಮಾಡಿ:

1. ನಿಮ್ಮ ಮುಖ ಮಗುವಿನ ಮುಖದಿಂದ 20ರಿಂದ 30 ಸೆಂಟಿಮೀಟರ್ ದೂರದಲ್ಲಿರಲಿ. ಮೊದಲ ವಾರಗಳಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದು ಅಷ್ಟು ದೂರದ್ದು ಮಾತ್ರ. ಮಡಿಲಲ್ಲಿ ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಸುಮಾರು ಅಷ್ಟೇ ದೂರದಲ್ಲಿ.

2. ಸುಮ್ಮನಿರಿ. ಮಗು ಏನಾದರೂ ಮಾಡಲಿ. ಒಂದು ನೋಟ, ಒಂದು ಸದ್ದು, ಕಾಲಿನ ಒಂದು ಒದೆತ, ಯಾವುದಾದರೂ ಸರಿ.

3. ಅದಕ್ಕೆ ಉತ್ತರ ಕೊಡಿ. ಅದು ‘ಆ’ ಅಂದರೆ ನೀವೂ ‘ಆ’ ಅನ್ನಿ, ಜೊತೆಗೆ ಒಂದು ಮಾತು ಸೇರಿಸಿ: ‘ಆ... ಹೌದಾ ಪುಟ್ಟಾ? ಹಾಲು ಕುಡಿದ್ಯಾ?’

4. ಈಗ ನಿಲ್ಲಿಸಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಇಲ್ಲಿಯೇ ಎಲ್ಲರೂ ಸೋಲುವುದು. ಮೂರು ಎಣಿಸುವಷ್ಟರಲ್ಲಿ ಮತ್ತೆ ಮಾತಾಡಿಬಿಡುತ್ತಾರೆ. ಚಿಕ್ಕ ಮಗುವಿಗೆ ಕೇಳಿ, ಯೋಚಿಸಿ, ಬಾಯಿ ಹೊಂದಿಸಿಕೊಂಡು ಸದ್ದು ಹೊರಡಿಸಲು ಸಮಯ ಬೇಕು.

5. ‘ಸಾಕು’ ಎಂಬ ಸೂಚನೆ ಬಂದ ಕೂಡಲೇ ಬಿಟ್ಟುಬಿಡಿ. ಎರಡು ನಿಮಿಷವಾಗಿದ್ದರೂ ಅದು ಪೂರ್ತಿ ಕೆಲಸವೇ.

ಮೊದಲ ಒಂದು ತಿಂಗಳು ಉತ್ತರ ಕಡಿಮೆ ಬರುತ್ತದೆ. ಮಗುವಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಅಮ್ಮನ ದನಿಯನ್ನು ಅದು ಹೊಟ್ಟೆಯಲ್ಲಿದ್ದಾಗಲೇ ಕೇಳಿರುತ್ತದೆ, ಹುಟ್ಟಿದ ಮೇಲೆ ಗುರುತಿಸುತ್ತದೆ. ಸುಮಾರು 2 ತಿಂಗಳಿಗೆ ನಗುವಿಗೆ ನಗು ಸಿಗುತ್ತದೆ. 9 ತಿಂಗಳಿಂದ 1 ವರ್ಷದ ನಡುವೆ ಬೆರಳು ಮಾಡಿ ತೋರಿಸುವುದು ಶುರುವಾಗುತ್ತದೆ. ಆಗ ಅದು ತೋರಿಸಿದ ಕಡೆ ನೋಡಿ, ಆ ವಸ್ತುವಿನ ಹೆಸರು ಹೇಳಿ. ಕಾಗೆ ತೋರಿಸಿದ ಮಗುವಿಗೆ ಪುಸ್ತಕದ ಸೇಬು ತೋರಿಸಬೇಡಿ. ಅದಕ್ಕೆ ಆ ಗಳಿಗೆಯಲ್ಲಿ ಕಾಗೆ ಬೇಕಿದೆ, ಕಾಗೆ ಎಂಬ ಪದ ಆಗಲೇ ಅಂಟಿಕೊಳ್ಳುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಂದಿರಿಗೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡಲು ಹೇಳಿದರು. ಕೆಲವೇ ತಿಂಗಳ ಆ ಮಕ್ಕಳು ನಕ್ಕು, ಸದ್ದು ಮಾಡಿ, ಕೈ ಚಾಚಿ ಅಮ್ಮನನ್ನು ಕರೆದವು. ಉತ್ತರ ಬಾರದಿದ್ದಾಗ ಮುಖ ತಿರುಗಿಸಿದವು, ಅತ್ತವು. ಹಾಲು ಕುಡಿಸುವಾಗ ಮೊಬೈಲ್ ನೋಡುವ ನಮ್ಮ ಮುಖ ಮಗುವಿಗೆ ಹೇಗೆ ಕಾಣುತ್ತಿರಬಹುದು, ಯೋಚಿಸಿ. ಎಲ್ಲ ಹೊತ್ತೂ ಬೇಡ, ದಿನದಲ್ಲಿ ಕೆಲವು ಸಲವಾದರೂ ಫೋನ್ ಪಕ್ಕದ ಕೋಣೆಯಲ್ಲಿರಲಿ.

‘ಎತ್ತಿ ಎತ್ತಿ ಅಭ್ಯಾಸ ಮಾಡಿಸಬೇಡ, ಆಮೇಲೆ ಕೆಳಗೇ ಇಳಿಯಲ್ಲ’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ, ಅಲ್ವಾ? ಮೊದಲ ತಿಂಗಳುಗಳಲ್ಲಿ ಅಳುವ ಮಗುವನ್ನು ಎತ್ತಿಕೊಂಡರೆ ಅದು ಕೆಡುವುದಿಲ್ಲ. ಧೈರ್ಯವಾಗಿ ಎತ್ತಿಕೊಳ್ಳಿ. ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದೆ ನಿಮಗೇ ಸಿಟ್ಟು ಬರುತ್ತಿದ್ದರೆ, ಮಗುವನ್ನು ಸುರಕ್ಷಿತವಾಗಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಮಗುವನ್ನು ಎಂದೂ ಜೋರಾಗಿ ಅಲುಗಾಡಿಸಬೇಡಿ. ತಲೆಯೊಳಗೆ ರಕ್ತಸ್ರಾವವಾಗಬಹುದು.

ಹಂತ 5: ಮಾತಿಗೆ ಬೇರೆ ಸಮಯ ಹುಡುಕಬೇಡಿ

‘ಮಾತಾಡಿಸಲು ಟೈಮೇ ಇಲ್ಲ’ ಎನ್ನುವವರಿಗೆ ಈ ಹಂತ. ಎಣ್ಣೆ, ಸ್ನಾನ, ಬಟ್ಟೆ, ಹಾಲು, ನಿದ್ದೆ. ಈ ಐದು ಹೇಗೂ ಪ್ರತಿದಿನ ನಡೆಯುತ್ತವೆ. ಆ ಕೆಲಸಗಳನ್ನೇ ಮಾತಲ್ಲಿ ಹೇಳುತ್ತಾ ಮಾಡಿ. ‘ಈ ಕಾಲಿಗೆ ಎಣ್ಣೆ ಆಯ್ತು. ಆ ಕಾಲೆಲ್ಲಿ? ಆ ಕಾಲೆಲ್ಲಿ ಹೋಯ್ತು?’ ನಿಲ್ಲಿಸಿ. ಕಾಲು ಆಡಿಸಿತಾ? ‘ಇಲ್ಲಿದೆ, ಇಲ್ಲಿದೆ!’ ಅದೇ ಕೆಲಸ, ಅದೇ ಮಾತು, ದಿನಾ. ಒಂದೇ ಮಾತು ಮತ್ತೆ ಮತ್ತೆ ಬಂದಾಗ ಮುಂದೇನು ಎಂದು ಮಗು ಊಹಿಸಲು ಶುರುಮಾಡುತ್ತದೆ.

ರಾಗ ಎಳೆದು, ದನಿ ಎತ್ತರಿಸಿ ಮಾತಾಡುವುದಕ್ಕೆ ಸಂಕೋಚ ಬೇಡ. ಮಕ್ಕಳು ಆ ದನಿಗೆ ಹೆಚ್ಚು ಗಮನ ಕೊಡುತ್ತವೆ. ‘ಮಮ್ಮು’, ‘ಟಾಟಾ’, ‘ಜೋಜೋ’ ಇರಲಿ. ಅದರ ಜೊತೆ ನಿಜವಾದ ಪದವೂ ಇರಲಿ: ‘ಮಮ್ಮು ಬೇಕಾ? ಬಾ, ಅನ್ನ ತಿನ್ನೋಣ.’

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗು ಎಲ್ಲ ಭಾಷೆಗಳ ಸದ್ದುಗಳ ವ್ಯತ್ಯಾಸವನ್ನೂ ಬಹುಮಟ್ಟಿಗೆ ಗುರುತಿಸಬಲ್ಲದು. ಒಂದು ವರ್ಷ ತುಂಬುವ ಹೊತ್ತಿಗೆ ಸುತ್ತ ಕೇಳುವ ಭಾಷೆಯ ಕಡೆ ಕಿವಿ ವಾಲುತ್ತದೆ. ‘ಹಲ್ಲಿ’ ಮತ್ತು ‘ಹಳ್ಳಿ’ ಬೇರೆ ಬೇರೆ ಎಂದು ಕೇಳಿಸಬೇಕಾದರೆ ‘ಳ’ಕಾರ ಮನೆಯಲ್ಲಿ ಓಡಾಡಬೇಕು. ಹ್ಯೂಸ್ಟನ್‌ನಲ್ಲೋ ದುಬೈನಲ್ಲೋ ಇರುವವರು ‘ಇಂಗ್ಲಿಷ್ ಕಲಿಯಲು ತೊಂದರೆಯಾದೀತು’ ಎಂದು ಕನ್ನಡ ನಿಲ್ಲಿಸುವುದು ಬೇಡ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವ ತೊಂದರೆ ಬರುವುದಿಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮಾತಾಡುವ ಮನೆಗಳಿಗೂ ಇದೇ ಮಾತು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ, ಆಗ ಮಾತು ಜಾಸ್ತಿ ಬರುತ್ತದೆ.

ಇನ್ನು ಟಿವಿ, ಮೊಬೈಲ್ ಪರದೆಯ ವಿಷಯ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷ್ ಮನೆಗಳ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರು ಕೂತ ಮನುಷ್ಯರಿಂದ ಕೇಳಿದ ಮಕ್ಕಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ನೋಡಿದ ಮಕ್ಕಳು ಕಲಿಯಲಿಲ್ಲ. ವಿಡಿಯೊ ಕಾಯುವುದಿಲ್ಲ, ಮಗುವಿನ ‘ಆ’ಗೆ ಉತ್ತರ ಕೊಡುವುದಿಲ್ಲ. 1 ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದೂರದ ಅಜ್ಜಿ ತಾತನ ಜೊತೆಗಿನ ವಿಡಿಯೊ ಕರೆಯ ವಿಷಯ ಬೇರೆ. ಪಕ್ಕದಲ್ಲಿ ನೀವು ಕೂತು ‘ಅಜ್ಜಿ ಕರೀತಿದಾರೆ ನೋಡು’ ಎನ್ನುತ್ತಾ ಮಾಡಿಸಿದರೆ ಅಡ್ಡಿಯಿಲ್ಲ. ಯಾರೂ ನೋಡದಿದ್ದರೂ ಓಡುತ್ತಿರುವ ಟಿವಿಯನ್ನು ಬಂದ್ ಮಾಡಿ. ಅದು ಓಡುತ್ತಿದ್ದರೆ ದೊಡ್ಡವರು ಮಗುವಿನ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ.

ಹಂತ 6: ನೆಲಕ್ಕೆ ಬಿಡಿ

ಮಗು ಎಚ್ಚರವಾಗಿದ್ದಾಗ, ನೀವು ಎದುರಿಗಿದ್ದಾಗ ಬೋರಲು ಮಲಗಿಸಿ. ಮೊದಲ ವಾರಗಳಲ್ಲಿ ನಿಮ್ಮ ಎದೆಯ ಮೇಲೆ ಮಲಗಿಸಿಕೊಂಡರೂ ಸಾಕು. ಒಮ್ಮೆಗೆ ಒಂದೆರಡು ನಿಮಿಷದಿಂದ ಶುರುಮಾಡಿ. ಇನ್ನೂ ಓಡಾಡದ ಮಗುವಿಗೆ ದಿನದಲ್ಲಿ ಬಿಟ್ಟು ಬಿಟ್ಟು ಒಟ್ಟು 30 ನಿಮಿಷವಾದರೂ ಆಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕತ್ತು, ಭುಜ, ಬೆನ್ನು ಗಟ್ಟಿಯಾಗುವುದು ಇದರಿಂದ. ತಲೆಯ ಹಿಂಭಾಗ ಚಪ್ಪಟೆಯಾಗದಂತೆ ಕಾಪಾಡುವುದೂ ಇದೇ.

ಹಾಲು ಕುಡಿದ ಕೂಡಲೇ ಮಲಗಿಸಿದರೆ ಕಕ್ಕುತ್ತದೆ, ಅಳುತ್ತದೆ. ‘ನಮ್ಮ ಮಗುವಿಗೆ ಬೋರಲು ಆಗಲ್ಲ’ ಎನ್ನುವವರಲ್ಲಿ ಅನೇಕರದ್ದು ಇದೇ ತಪ್ಪು. ಡೈಪರ್ ಬದಲಿಸಿದ ಮೇಲೆ ಅಥವಾ ನಿದ್ದೆಯಿಂದ ಎದ್ದ ಮೇಲೆ ಮಾಡಿ. ಎದೆಯ ಕೆಳಗೆ ಒಂದು ಟವೆಲ್ ಸುತ್ತಿ ಇಡಿ. ನೀವೂ ಎದುರಿಗೆ ಬೋರಲು ಮಲಗಿ ಮುಖ ತೋರಿಸಿ. ಹಾಗೇ ನಿದ್ದೆ ಹೋದರೆ ಅಂಗಾತ ತಿರುಗಿಸಿ.

ಮಂಚದ ಮೇಲೆ ಬೇಡ. ಮಗು ಮೊದಲ ಸಲ ಮಗುಚಿಕೊಳ್ಳುವುದು ನಾವು ಊಹಿಸದ ದಿನ. ಬೀಳುವುದು ಆಗಲೇ.

ದಿಂಬು ಇಟ್ಟು ಬೇಗ ಕೂರಿಸುವುದು, ಕೈ ಹಿಡಿದು ಬೇಗ ನಡೆಸುವುದು, ವಾಕರ್ – ಇವುಗಳಿಂದ ನಡಿಗೆ ಬೇಗ ಬರುವುದಿಲ್ಲ. ವಾಕರ್‌ನಲ್ಲಿ ಮೆಟ್ಟಿಲಿನಿಂದ ಉರುಳುವ, ಒಲೆ ಹತ್ತಿರ ಹೋಗುವ ಅಪಾಯ ದೊಡ್ಡದು. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಕೊರಗುವವರಿಗೆ ಎರಡು ಅಂಕಿ. ಭಾರತವೂ ಸೇರಿ ಹಲವು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಇದು: ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನಡೆಯುತ್ತವೆ.

ಹಂತ 7: ಕೈಗೆ ಕೊಡುವ ವಸ್ತು

4 ತಿಂಗಳ ಸುಮಾರಿಗೆ ಕೈಗೆ ಕೊಟ್ಟದ್ದನ್ನು ಹಿಡಿದುಕೊಳ್ಳುತ್ತದೆ. ಒಮ್ಮೆಗೆ ಎರಡೇ ವಸ್ತು ಇಡಿ. ತಣ್ಣಗಿನ ಸ್ಟೀಲ್ ಬಟ್ಟಲು, ಮೆತ್ತನೆಯ ಬಟ್ಟೆ, ನುಣುಪಾದ ಮರದ ಚಮಚ. ಭಾರ, ತಂಪು, ಸದ್ದು ಎಲ್ಲವೂ ಬೇರೆ ಬೇರೆ. ಬಾಯಿಗೆ ಹಾಕುವುದನ್ನು ತಡೆಯಬೇಡಿ, ತೊಳೆದು ಕೊಡಿ ಅಷ್ಟೇ.

8–9 ತಿಂಗಳಿಗೆ ಬಟ್ಟೆಯ ಕೆಳಗೆ ಗಿಲಕಿ ಅಡಗಿಸಿ ‘ಎಲ್ಲಿ?’ ಎನ್ನಿ. ಸೆರಗಿನ ಹಿಂದೆ ಮುಖ ಮುಚ್ಚಿ ತೆರೆಯಿರಿ. ಕಾಣದಿದ್ದರೂ ವಸ್ತು ಇದೆ ಎಂಬುದು ಮಗುವಿಗೆ ಈ ಆಟದಲ್ಲಿ ಗಟ್ಟಿಯಾಗುತ್ತದೆ. ಬಟ್ಟಲನ್ನು ಬೇಕೆಂದೇ ಕೆಳಗೆ ಹಾಕಿ ನಿಮ್ಮ ಮುಖ ನೋಡುತ್ತದಲ್ಲ, ಅದು ಹಠ ಅಲ್ಲ. ಬಿದ್ದರೆ ಏನಾಗುತ್ತದೆ, ಅಮ್ಮ ಏನು ಮಾಡುತ್ತಾಳೆ ಎಂಬ ಎರಡು ಪ್ರಶ್ನೆ ಅದರಲ್ಲಿದೆ. ನಿಮಗೆ ಸಾಕಾಗುವವರೆಗೆ ಎತ್ತಿಕೊಡಿ.

ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕದು ಯಾವುದೂ ನೆಲದಲ್ಲಿ ಇರಬಾರದು. ಕಡಲೆಬೀಜ, ಹುಣಸೆಬೀಜ, ಅಡಿಕೆ ಚೂರು, ಗುಂಡಿ, ಒಡೆದ ಬಲೂನ್, ಆಯಸ್ಕಾಂತ. ರಿಮೋಟ್ ಮತ್ತು ಆಟಿಕೆಯ ಗುಂಡು ಬ್ಯಾಟರಿ ಎಲ್ಲಕ್ಕಿಂತ ಅಪಾಯ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಹಂತ 8: ಊಟವೂ ಸರದಿಯ ಆಟವೇ

6 ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಊಟ ಶುರು. ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು. ಮೊದಲು ದಿನಕ್ಕೆ 2–3 ಸಲ, ಒಮ್ಮೆಗೆ 2–3 ಚಮಚ. ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ, ಬೇಯಿಸಿದ ಕುಂಬಳಕಾಯಿ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಿರಲಿ. ಬೇಳೆಯ ತಿಳಿ, ಗಂಜಿ ತಿಳಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. 9 ತಿಂಗಳಿಂದ 3–4 ಸಲ ಕೊಡಿ. 1 ವರ್ಷದವರೆಗೆ ಉಪ್ಪು ಸಕ್ಕರೆ ಹಾಕಬೇಡಿ, ಹಸುವಿನ ಹಾಲನ್ನು ಮುಖ್ಯ ಆಹಾರ ಮಾಡಬೇಡಿ.

ಕಲಿಕೆಗೂ ಊಟಕ್ಕೂ ನೇರ ಸಂಬಂಧವಿದೆ. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣಾಂಶದ ಸಂಗ್ರಹ ಸುಮಾರು 6 ತಿಂಗಳಿಗೆ ಕರಗುತ್ತದೆ. ರಕ್ತಹೀನತೆಯಾದರೆ ಮಗು ಮಂಕಾಗುತ್ತದೆ, ಮೆದುಳಿನ ಬೆಳವಣಿಗೆಗೂ ಹೊಡೆತ. ಬೇಳೆ, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸ ಕೊಡಿ. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ತಿನ್ನಿಸುವ ರೀತಿ ಹೀಗೆ: ಚಮಚ ತುಟಿಯ ಹತ್ತಿರ ತನ್ನಿ, ಕಾಯಿರಿ. ಬಾಯಿ ತೆರೆದರೆ ಕೊಡಿ. ಮುಖ ತಿರುಗಿಸಿದರೆ ನಿಲ್ಲಿಸಿ. ಕೈ ಹಾಕಿ ಕಲಸಲು ಬಿಡಿ, ಮೈಯೆಲ್ಲ ಬಳಿದುಕೊಳ್ಳಲಿ. ಹೊಸ ರುಚಿಯನ್ನು ಎಷ್ಟೋ ಸಲ ಉಗಿದ ಮೇಲೇ ಒಪ್ಪಿಕೊಳ್ಳುವುದು, ಎಂಟು ಹತ್ತು ಸಲವೂ ಆಗಬಹುದು. ಮೊಬೈಲ್ ತೋರಿಸಿ ತುರುಕಿದರೆ ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಓಕರಿಸಿ ಕೆಮ್ಮಿದರೆ ಹೆದರಬೇಡಿ, ಅದು ತಾನೇ ಸರಿಮಾಡಿಕೊಳ್ಳುತ್ತದೆ. ಸದ್ದೇ ಬರದೆ, ಉಸಿರಾಡಲಾಗದೆ, ತುಟಿ ನೀಲಿಯಾದರೆ ಉಸಿರುಗಟ್ಟಿದೆ ಎಂದರ್ಥ. ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಭುಜಗಳ ನಡುವೆ 5 ಏಟು, ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ 5 ಒತ್ತು, ಹೊರಬರುವವರೆಗೆ ಮತ್ತೆ ಮತ್ತೆ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಹಂತ 9: ಉಳಿದ ಕೈಗಳಿಗೂ ಕಲಿಸಿ

ಅಮ್ಮ ಕೆಲಸಕ್ಕೆ ಮರಳಿದ ಮೇಲೆ ಮಗು ಅತ್ತೆಯ ಹತ್ತಿರವೋ, ನೋಡಿಕೊಳ್ಳಲು ಬರುವ ಅಕ್ಕನ ಹತ್ತಿರವೋ, ಗ್ರಾಮ ಪಂಚಾಯಿತಿಯ ಕೂಸಿನ ಮನೆಯಲ್ಲೋ ಇರುತ್ತದೆ. ಅವರಿಗೆ ದೊಡ್ಡ ಪಟ್ಟಿ ಕೊಡಬೇಡಿ. ಒಂದು ದಿನ ಜೊತೆಯಲ್ಲಿ ಕೂತು 4ನೇ ಹಂತ ತೋರಿಸಿ. ‘ಅತ್ತೆ, ನೀವು ಹಾಡಿದಾಗ ಅದು ಹೇಗೆ ನೋಡುತ್ತೆ ನೋಡಿ, ಒಂದು ಸಾಲು ಹಾಡಿ ನಿಲ್ಲಿಸಿ’ ಎಂದರೆ ಸಾಕು. ಮಗು ‘ಊ’ ಅಂದ ಮೇಲೆ ಯಾವ ಅಜ್ಜಿಗೂ ಮತ್ತೆ ಹೇಳಿಕೊಡಬೇಕಾಗಿಲ್ಲ. ನೋಡಿಕೊಳ್ಳುವವರು ಪದೇ ಪದೇ ಬದಲಾಗದಂತೆ ನೋಡಿಕೊಳ್ಳಿ.

ಅಮ್ಮನ ಮನಸ್ಸನ್ನೂ ಯಾರಾದರೂ ಕೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಅಳು, ಮಗು ಮಲಗಿದ್ದಾಗಲೂ ನಿದ್ದೆ ಬಾರದಿರುವುದು, ಮಗುವನ್ನು ಮುಟ್ಟಲೂ ಮನಸ್ಸಾಗದಿರುವುದು, ಸಾಯುವ ಯೋಚನೆ ಇದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೇ ಕರೆ ಮಾಡುವ ಶಕ್ತಿ ಇರುವುದಿಲ್ಲ. ಗಂಡನೋ ತಾಯಿಯೋ ಮಾಡಲಿ.

ಹಂತ 10: ಎಚ್ಚರಿಕೆಯ ಸೂಚನೆಗಳು

ಮೊದಲ ತಿಂಗಳಲ್ಲಿ ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಎದೆ ಗುಳಿ ಬಿದ್ದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗುವವರೆಗೆ ಕಾಯಬೇಡಿ.

ಬೆಳವಣಿಗೆಯ ವಿಷಯದಲ್ಲಿ ವೈದ್ಯರಿಗೆ ತೋರಿಸಬೇಕಾದದ್ದು:

- 3 ತಿಂಗಳಾದರೂ ನಗುವಿಗೆ ನಗದಿದ್ದರೆ, ಮುಖ ನೋಡದಿದ್ದರೆ, ದೊಡ್ಡ ಸದ್ದಿಗೆ ಬೆಚ್ಚದಿದ್ದರೆ
- 4–5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಯಾವಾಗಲೂ ಬಿಗಿದೇ ಇದ್ದರೆ
- 9 ತಿಂಗಳಾದರೂ ಹೆಸರು ಕರೆದರೆ ತಿರುಗದಿದ್ದರೆ, ‘ಬಬಬ’, ‘ಮಮಮ’ ಎನ್ನದಿದ್ದರೆ, ಕೂರದಿದ್ದರೆ
- 12 ತಿಂಗಳಾದರೂ ಟಾಟಾ, ಬೆರಳು ಮಾಡುವುದು, ಕೈ ಚಾಚುವುದು ಯಾವುದೂ ಇಲ್ಲದಿದ್ದರೆ
- 1 ವರ್ಷದೊಳಗೇ ಬಲಗೈಯನ್ನೋ ಎಡಗೈಯನ್ನೋ ಮಾತ್ರ ಬಳಸಿದರೆ
- ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು, ನಗು, ಆಟ ನಿಂತುಹೋದರೆ. ಇದಕ್ಕೆ ಒಂದು ವಾರವೂ ಕಾಯಬಾರದು

ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. 2 ತಿಂಗಳು ಮೊದಲೇ ಹುಟ್ಟಿದ್ದರೆ 6 ತಿಂಗಳ ಮಗುವನ್ನು 4 ತಿಂಗಳ ಮಗು ಎಂದು ಭಾವಿಸಿ ನೋಡಿ. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ. ಅನುಮಾನವನ್ನು ಮೊದಲು ಅವರಿಗೇ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ. ಹೆಚ್ಚಿನ ಪರೀಕ್ಷೆ, ಥೆರಪಿಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ.

ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ನಿಮಗೆ ಚಿಂತೆ ತಂದ ನಡವಳಿಕೆಯ ಒಂದೆರಡು ನಿಮಿಷದ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮಗು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ. ‘ನಿಮ್ಮ ಮನೆಯಲ್ಲಿ ಮಾತು ತಡವೇ, ಕಾದು ನೋಡಿ’ ಎಂದು ಯಾರಾದರೂ ಹೇಳಿದರೆ, ಎಷ್ಟು ವಾರ ಕಾಯಬೇಕು, ಮತ್ತೆ ಯಾವ ದಿನ ಬರಬೇಕು ಎಂದು ಕೇಳಿ ಬರೆಸಿಕೊಳ್ಳಿ. ಕಿವಿಯ ಪರೀಕ್ಷೆ ಮಾತ್ರ ಆ ವಾರಗಳೊಳಗೇ ಮುಗಿಸಿ.